ಬಾಡಿಗೆಯ ನೆಲೆ, ಸ್ವಂತ ಯಂತ್ರ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ರೈತನು ರಾಗಿ, ಮೆಕ್ಕೆಜೋಳಗಳನ್ನು ಉಗ್ರಾಣದಲ್ಲಿರಿಸಿ ರಸೀತಿ ಪಡೆಯುವುದುಂಟು. ಧಾನ್ಯವು ಅವನದು, ಗೋಡೆ, ಛಾವಣಿ, ಕಾವಲುಗಳು ಉಗ್ರಾಣದವು. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೇ ಏರ್ಪಾಡಿದೆ. ಸಂಸ್ಥೆಯೊಂದು ತನ್ನ ಸ್ವಂತ ಸರ್ವರ್‌ಗಳನ್ನು ದತ್ತಾಂಶ ಕೇಂದ್ರದ ಬಾಡಿಗೆಯ ಸ್ಥಳದಲ್ಲಿ ಇರಿಸುತ್ತದೆ.

ಸರ್ವರ್ ಹಗಲಿರುಳು ದುಡಿಯುವ ಯಂತ್ರ. ಅದು ಬಳಸುವ ವಿದ್ಯುತ್ತು ಬಹುತೇಕ ಶಾಖವಾಗಿ ಪರಿಣಮಿಸುತ್ತದೆ. ಆದುದರಿಂದ ಕೇಂದ್ರವು ಎಡೆಬಿಡದ ವಿದ್ಯುತ್ತು, ಬ್ಯಾಟರಿ, ಡೀಸೆಲ್ ಜನರೇಟರು, ತಂಪುಗಾಳಿ, ಅಗ್ನಿರಕ್ಷಣೆ ಹಾಗೂ ಒಂದಕ್ಕಿಂತ ಹೆಚ್ಚು ಸಂಪರ್ಕಮಾರ್ಗಗಳನ್ನು ಒದಗಿಸುತ್ತದೆ. ಯಂತ್ರಗಳನ್ನು ಜೋಡಿಸುವ ರ್‍ಯಾಕ್ ಎಂಬ ಕಪಾಟಿನಲ್ಲಿ ಸಾಮಾನ್ಯವಾಗಿ 42 ಅಂಕಣಗಳು. ಒಂದೊಂದರ ಎತ್ತರ 1.75 ಅಂಗುಲ. ಆಕ್ರಮಿಸಿದ ಅಂಕಣ ಮತ್ತು ವಿದ್ಯುತ್ತಿನ ಪ್ರಮಾಣಗಳಿಗನುಗುಣವಾಗಿ ಬಾಡಿಗೆ ನಿಗದಿಯಾಗುತ್ತದೆ.

ನಮ್ಮ ನಾಡಿನ ‘ಭೂಮಿ’ ಯೋಜನೆಯು ಇದಕ್ಕೆ ಸಮೀಪದ ನಿದರ್ಶನ. 2000ದ ಸುಮಾರಿಗೆ ಪಹಣಿಗಳು ತಾಲ್ಲೂಕು ಕಚೇರಿಗಳ ಗಣಕಯಂತ್ರಗಳನ್ನು ಸೇರಿದವು. ತರುವಾಯ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಂದುಗೂಡಿದವು. ಅಲ್ಲಿ ಬಾಡಿಗೆಯ ಮಾತಿಲ್ಲವಾದರೂ ತತ್ತ್ವವೊಂದೇ: ಚದುರಿದುದನ್ನು ಭದ್ರವಾದ ಒಂದೆಡೆ ಕಾಪಾಡುವುದು.

ಆದರೆ ಬಾಡಿಗೆಗೆ ದೊರೆಯುವುದು ಸ್ಥಳವೇ ಹೊರತು ಎಚ್ಚರವಲ್ಲ. ಹಸಿಕಾಳನ್ನು ತುಂಬಿದವನು ಉಗ್ರಾಣದ ಗೋಡೆಯನ್ನು ದೂರಿ ಫಲವೇನು? ಯಂತ್ರದ ದುರಸ್ತಿ, ಗುಪ್ತಪದಗಳ ರಕ್ಷಣೆ, ಬೇರೊಂದು ಊರಿನಲ್ಲಿ ಎರಡನೆಯ ಪ್ರತಿಯನ್ನಿರಿಸುವ ಜಾಗರೂಕತೆ, ಇವೆಲ್ಲವೂ ಒಡೆಯನ ಕರ್ತವ್ಯಗಳೇ. ದಾಖಲೆಯೊಂದು ಅಳಿದರೆ ಸೊರಗುವುದು ಯಂತ್ರವಲ್ಲ, ಅದನ್ನು ನಂಬಿದ ಮನೆತನ. ನೆಲೆಯು ಪರರದಾದರೂ ಹೊಣೆಯು ತನ್ನದೆಂದು ಅರಿತು ನಡೆಯುವುದೇ ಇಲ್ಲಿಯ ಕಾಯಕಧರ್ಮ.