‘ಲೇ’ ಎಲ್ಲಿ, ‘ರೀ’ ಎಲ್ಲಿ

ತಮ್ಮಾ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದು ಮನೆಗೆ ಪೇಢೆ ಕೊಡಲು ಬಂದಾಗ ಕೇಳಿದೆಯಲ್ಲ, ‘ಕಾಕಾ, ಇಂಗ್ಲಿಷಿನ್ಯಾಗ ಗಂಡಸರಿಗೆ ಗೈ ಅನಬೇಕೋ, ಡ್ಯೂಡ್ ಅನಬೇಕೋ, ಬ್ರೋ ಅನಬೇಕೋ?’ ಅವತ್ತು ನಿನಗೆ ಬಸ್ಸಿನ ಅವಸರವಿತ್ತು. ಈಗ ಹೇಳುತ್ತೇನೆ, ಕೇಳು.

ಗೆಳೆಯನಿಗೆ ‘ಏನಲೇ’ ಅನ್ನುವ ನೀನು, ಅವನ ಅಪ್ಪ ಎದುರಾದರೆ ‘ಆರಾಮ ಅದೀರಿ ಕಾಕಾ?’ ಅನ್ನುತ್ತೀ. ಇದನ್ನು ನಿನಗೆ ಯಾವ ಮಾಸ್ತರರೂ ಕಲಿಸಲಿಲ್ಲ. ಇಂದಿನ ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಎಲ್ಲರಿಗೂ ಒಂದೇ ‘ಯೂ’. ಹಾಗಾಗಿ ಸಲಿಗೆಯ ಭಾರವೆಲ್ಲ ಇಂಥ ಪದಗಳ ಮೇಲೆ ಬೀಳುತ್ತದೆ.

‘ಬ್ರೋ’, ‘ಡ್ಯೂಡ್’ ನಮ್ಮ ‘ಲೇ’ ಇದ್ದ ಹಾಗೆ. ಓರಗೆಯವರಲ್ಲಿ ಸವಿ, ಮ್ಯಾನೇಜರ್ ಮುಂದೆ ಒರಟು. ‘ಗೈ’ ಅಷ್ಟು ಒರಟಲ್ಲ. ಅದರ ಹಿಂದೆ ಒಂದು ಕಥೆಯಿದೆ. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಕೆಳಗೆ ಸಿಡಿಮದ್ದಿನ ಪೀಪಾಯಿಗಳನ್ನು ಕಾಯುತ್ತಿದ್ದ ಗೈ ಫಾಕ್ಸ್ ನವೆಂಬರ್ 5ರ ಹೊತ್ತಿಗೆ ಸಿಕ್ಕಿಬಿದ್ದ. ವರ್ಷವರ್ಷ ಜನ ಸುಡುವ ಅವನ ಬೊಂಬೆಗೆ ‘ಗೈ’ ಎಂಬ ಹೆಸರಾಯಿತು. ಮುಂದೆ ವಿಚಿತ್ರ ವೇಷದವನಿಗೆ, ಅಮೆರಿಕದಲ್ಲಿ ಯಾವ ಗಂಡಸಿಗಾದರೂ ಅದೇ ಹೆಸರಾಯಿತು. ಈಗ ‘ಗೈಸ್’ ಎಂದರೆ ಹೆಣ್ಣುಮಕ್ಕಳೂ ಸೇರುತ್ತಾರೆ. ಆದರೆ ಎಲ್ಲ ಹೆಣ್ಣುಮಕ್ಕಳಿಗೂ ಅದು ಹಿಡಿಸುವುದಿಲ್ಲ. ‘ಎವ್ರಿಒನ್’ ಅಂದುಬಿಡು. ‘ಬ್ಲೋಕ್’, ‘ಲ್ಯಾಡ್’, ‘ಚ್ಯಾಪ್’ ಬ್ರಿಟನ್ ಕಡೆಯ ಮಾತುಗಳು. ಅಲ್ಲಿಯವರು ಆಡಿದಾಗ ಅರ್ಥವಾದರೆ ಸಾಕು, ಅನುಕರಿಸಬೇಡ.

‘ಫೆಲೋ’ ಬಗ್ಗೆ ಎಚ್ಚರ. ಹಿಂದೆ ಅದಕ್ಕೆ ವ್ಯವಹಾರದ ಪಾಲುದಾರ ಎಂಬ ಅರ್ಥವಿತ್ತು. ನಮ್ಮ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂಥ ಕಡೆ ‘ರಿಸರ್ಚ್ ಫೆಲೋ’ ಎಂದರೆ ಓದಿಗೆ ಸಿಕ್ಕ ಮಾನ. ಅದೇ ಪದವನ್ನು ನಮ್ಮವರು ‘ದಟ್ ಫೆಲೋ’ ಅಂದಾಗ ‘ಆ ಆಸಾಮಿ’ ಅಂದಂತೆ ಕೇಳಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ತೂಗಿ ಆಡಬೇಕಾದ ಮಾತು ‘ಬಾಯ್’. ಬ್ರಿಟಿಷರ ಬಂಗಲೆಗಳಲ್ಲಿ ತಲೆ ನರೆತ ಆಳೂ ‘ಬಾಯ್’ ಆಗಿದ್ದ. ಅಮೆರಿಕದಲ್ಲಿ ಕಪ್ಪು ಜನಾಂಗದ ಗಂಡಸರನ್ನು, ವಯಸ್ಸೆಷ್ಟೇ ಆಗಿರಲಿ, ಹಾಗೆಯೇ ಕೂಗಿ ಕೀಳಾಗಿಸಿದರು. ನಾಳೆ ನಿನ್ನ ಮೇಜಿಗೆ ಚಹಾ ತರುವವರು ನಿನ್ನ ಅಪ್ಪನ ಓರಗೆಯವರಾಗಿರಬಹುದು. ಸುತ್ತಲಿನವರು ‘ಆಫೀಸ್ ಬಾಯ್’ ಅಂದರೂ ನೀನು ಅನ್ನಬೇಡ. ಹೆಸರು ಕೇಳು, ‘ಅಣ್ಣಾ’ ಅನ್ನು.

ಸಂಶಯ ಬಂದಲ್ಲಿ ಹೆಸರು ಹಿಡಿದು ಮಾತಾಡು. ಎದುರಿನವರು ಮೊದಲು ಸಲಿಗೆ ತೋರಲಿ, ಆಮೇಲೆ ನೀನು.

ಕರೆಯುವ ಮಾತಿನ ಬಲ ನನಗೆ ತಿಳಿದದ್ದು ಹೀಗೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ನಮ್ಮ ಓಣಿಗೆ ಬಂತೆಂದು ನಾವು ನವನಗರದ ಸೆಕ್ಟರಿಗೆ ಬಂದೆವು. ಉದ್ದುದ್ದ ರಸ್ತೆ, ನಂಬರಿನ ಮನೆ. ಅಕ್ಕಪಕ್ಕದಲ್ಲಿ ಯಾರಿದ್ದಾರೋ ಗೊತ್ತಿರಲಿಲ್ಲ. ಸಾಮಾನು ಇಳಿಸುತ್ತಿದ್ದ ನನ್ನನ್ನು ನೋಡಿ ಪಕ್ಕದ ಮನೆಯ ಹಿರಿಯರೊಬ್ಬರು ‘ತಮ್ಮಾ, ನೀರ ಕುಡದ ಹೋಗ ಬಾ’ ಎಂದು ಕರೆದರು. ಆ ‘ತಮ್ಮಾ’ ಕೇಳಿದ ಮೇಲೆ ಇದು ನನ್ನ ಊರಾಯಿತು. ಹೊಸ ಊರಿಗೆ ಹೋಗುವ ನಿನ್ನ ಬಾಯಿಂದಲೂ ಅಂಥ ಕರೆ ಬರಲಿ, ಯಾವ ಭಾಷೆಯಲ್ಲಾದರೂ.