ಆಟದ ಇಟ್ಟಿಗೆಗಳ ರೋಲರ್ ಕೋಸ್ಟರ್

1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಕಾರ್ಕಳದ 42 ಅಡಿಯ ಗೊಮ್ಮಟಮೂರ್ತಿಯನ್ನು ಬಂಡಿಗಳ ಮೇಲಿರಿಸಿ ಬೆಟ್ಟಕ್ಕೇರಿಸಿದರೆಂಬುದು ಐತಿಹ್ಯ. ಏರಿಸುವ ಶ್ರಮದಲ್ಲಿ ಘರ್ಷಣೆಗೆ ಸಂದುದನ್ನು ಕಳೆದು ಉಳಿದುದು ಶಿಲೆಯಲ್ಲಿ ಪ್ರಚ್ಛನ್ನಶಕ್ತಿಯಾಗಿ ಸಂಚಿತವಾಗುತ್ತದೆ. ಬಾಲಕರು ಆಟದ ಇಟ್ಟಿಗೆಗಳಿಂದ ರೋಲರ್ ಕೋಸ್ಟರನ್ನು ಕಟ್ಟುವಾಗಲೂ ಮೊದಲು ಅರಿಯಬೇಕಾದ ತತ್ತ್ವವಿದೇ. ಸರಪಳಿಯು ಬಂಡಿಯನ್ನು ಪ್ರಥಮ ಶಿಖರಕ್ಕೆ ಎಳೆದು ಬಿಡುವುದು. ಮುಂದೆ ಅದಕ್ಕೆ ಬೇರೆ ಆಧಾರವಿಲ್ಲ. ಆದುದರಿಂದ ಅನಂತರದ ದಿಬ್ಬಗಳು ಮೊದಲನೆಯದಕ್ಕಿಂತ ತಗ್ಗಿರಲೇಬೇಕು.

ಬಂಡಿ ತಲೆಕೆಳಗಾಗಿ ಸುತ್ತುವ ವೃತ್ತವನ್ನು ಸೇರಿಸುವುದಾದರೆ ಲೆಕ್ಕ ಇನ್ನೂ ಬಿಗಿ. ಹಳಿಯನ್ನು ಅಡಿಯಿಂದಲೂ ಹಿಡಿಯುವ ಚಕ್ರಗಳಿಲ್ಲದಿದ್ದರೆ, ಘರ್ಷಣೆಯನ್ನು ಗಣಿಸದೆಯೇ, ಶಿಖರವು ವೃತ್ತದ ತಳದಿಂದ ತ್ರಿಜ್ಯದ ಎರಡೂವರೆ ಪಟ್ಟಾದರೂ ಎತ್ತರವಿರಬೇಕು. ಇಲ್ಲವಾದರೆ ಬಂಡಿ ನೆತ್ತಿ ಮುಟ್ಟುವ ಮೊದಲೇ ಕಳಚಿ ಬೀಳುವುದು. ತ್ರಿಜ್ಯ 10 ಸೆಂಟಿಮೀಟರಾದರೆ ಎತ್ತರ 25. ಲೆಗೊ ಇಟ್ಟಿಗೆಯೊಂದರ ಎತ್ತರ 9.6 ಮಿಲಿಮೀಟರ್; ಅಂದಮೇಲೆ 27 ಇಟ್ಟಿಗೆಗಳ ಕಂಬ. ಗಣ ಎಣಿಸುವ ಛಂದಸ್ಸಿನವನಿಗೂ ಈ ಎಣಿಕೆ ರುಚಿಸುತ್ತದೆ!

ಈ ಇಟ್ಟಿಗೆಗಳು ದುಬಾರಿ. ಕೊಳ್ಳುವ ಮುನ್ನ ಚೌಕಳಿ ಹಾಳೆಯಲ್ಲಿ ರೇಖಿಸಿ ಎಣಿಸುವುದು ಲೇಸು. ದಾನಿಗಳು ಸಿದ್ಧ ಮಾದರಿಯ ಪೆಟ್ಟಿಗೆಗಿಂತ ಬಿಡಿ ಇಟ್ಟಿಗೆಗಳನ್ನೇ ಕೊಡಬೇಕೆಂದು ನನ್ನ ವಿನಂತಿ. ಚಿತ್ರವನ್ನು ಅನುಸರಿಸಿ ಜೋಡಿಸುವ ಬಾಲಕನಿಗೆ ಬಂಡಿ ಏಕೆ ನಿಂತಿತೆಂಬ ಪ್ರಶ್ನೆಯೇ ಹುಟ್ಟದು. 27 ಎಂಬುದು ಹಾಳೆಯ ಮೇಲಿನ ಕನಿಷ್ಠ ಮಾತ್ರ. ಹಳಿಯ ತಿಕ್ಕಾಟವು ತನ್ನ ಸುಂಕವನ್ನು ಬಿಡದು. ನಾಲ್ಕಾರು ಇಟ್ಟಿಗೆಗಳನ್ನು ಹೆಚ್ಚಿಸಿ, ಬಂಡಿಯನ್ನು ಬಿಟ್ಟು ನೋಡಿ, ನಿಂತರೆ ಮತ್ತೆ ಏರಿಸತಕ್ಕದ್ದು.