ತೊಗರಿ ಲಾಟಿನಿಂದ ಡೊಮೈನ್ ಹೆಸರಿನವರೆಗೆ: ಹರಾಜಿನ ಮೂಲಕ ಸಮಾಂತರ ಶ್ರೇಢಿ

ಪೀಠಿಕೆ

ಹತ್ತನೇ ತರಗತಿಯ ‘ಸಮಾಂತರ ಶ್ರೇಢಿಗಳು’ ಘಟಕಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆಗಳು ಏಣಿಯ ಮೆಟ್ಟಿಲು, ಆಟೋ ಬಾಡಿಗೆ, ವಾರ್ಷಿಕ ವೇತನ ಬಡ್ತಿ. ಇವು ಸರಿಯಾದವೇ. ಆದರೆ ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ ನನಗೆ ಬೇಕಿದ್ದದ್ದು ಬೇರೆ. ಮಕ್ಕಳಿಗೆ ಮೊದಲೇ ಗೊತ್ತಿರುವ, ಅವರ ಮನೆಯ ಹಣಕ್ಕೆ ನೇರ ಸಂಬಂಧವಿರುವ ಒಂದು ಶ್ರೇಢಿ ಬೇಕಿತ್ತು. ಅದು ಹರಾಜಿನಲ್ಲಿ ಸಿಕ್ಕಿತು. ನಮ್ಮ ಕಡೆ ಅದನ್ನು ಸವಾಲು ಅಂತಲೂ ಲಿಲಾವು ಅಂತಲೂ ಕರೆಯುತ್ತೇವೆ.

ಪಾಠವನ್ನು ತಲಾ 40 ನಿಮಿಷಗಳ ಎರಡು ಅವಧಿಗಳಿಗೆ ಯೋಜಿಸಿದೆ. ಜಾತ್ರೆಯ ಸವಾಲಿನಿಂದ ಆರಂಭಿಸಿ, ಎಪಿಎಂಸಿಯ ಆನ್‌ಲೈನ್ ಟೆಂಡರ್ ಮೂಲಕ, ಇಂಟರ್ನೆಟ್‌ನಲ್ಲಿ ಡೊಮೈನ್ ಹೆಸರುಗಳ ಹರಾಜಿಗೆ ಹೋಗುವುದು ಕ್ರಮ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂಬ ಬೋಧನಾ ಸೂತ್ರವೇ ಇದಕ್ಕೆ ಆಧಾರ.

ಕಲಿಕಾ ಉದ್ದೇಶಗಳು

1. ಆರಂಭಿಕ ಬೆಲೆಯನ್ನು ಮೊದಲ ಪದ ‘ಎ’ ಎಂದೂ ಪ್ರತಿ ಕೂಗಿನ ಏರಿಕೆಯನ್ನು ಸಾಮಾನ್ಯ ವ್ಯತ್ಯಾಸ ‘ಡಿ’ ಎಂದೂ ಗುರುತಿಸುವುದು.
2. ‘ಎನ್’ನೇ ಪದದ ಸೂತ್ರವನ್ನು ಬೆಲೆಗೆ ಅನ್ವಯಿಸುವುದು.
3. ಹರಾಜಿನಲ್ಲಿ ಬೆಲೆ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ಸ್ವಂತ ಮಾತಿನಲ್ಲಿ ವಿವರಿಸುವುದು.

ಪೂರ್ವಜ್ಞಾನ: ಮೂರು ಬಗೆಯ ಹರಾಜು

ಜಾತ್ರೆಯಲ್ಲಿ ದೇವರ ತೆಂಗಿನಕಾಯಿಗೆ ಸವಾಲು ಹಾಕುವುದನ್ನು ತರಗತಿಯ ಎಲ್ಲ ಮಕ್ಕಳೂ ನೋಡಿದ್ದರು. ಒಬ್ಬರು ಕೂಗಿದ್ದು ಎಲ್ಲರಿಗೂ ಕೇಳಿಸುತ್ತದೆ, ಬೆಲೆ ಏರುತ್ತಾ ಹೋಗುತ್ತದೆ, ಕೊನೆಗೆ ಉಳಿದವರಿಗೆ ಕಾಯಿ. ಇದು ಬಹಿರಂಗ ಏರು ಹರಾಜು.

ಎಪಿಎಂಸಿಯದ್ದು ಬೇರೆ. ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ 2014ರ ಫೆಬ್ರುವರಿ 22ರಂದು ಆರಂಭವಾಯಿತು. ಈ ವ್ಯವಸ್ಥೆಯಲ್ಲಿ ರೈತ ತಂದ ಮಾಲಿಗೆ ಒಂದು ಲಾಟ್ ಸಂಖ್ಯೆ ಸಿಗುತ್ತದೆ. ವ್ಯಾಪಾರಿಗಳು ಅಡತಿ ಅಂಗಡಿಯ ಮುಂದಿನ ರಾಶಿ ನೋಡಿ, ಕಂಪ್ಯೂಟರ್ ಅಥವಾ ಮೊಬೈಲ್‌ನಲ್ಲಿ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಸಮಯ ಮುಗಿದ ಮೇಲೆ ಹೆಚ್ಚಿನ ದರ ಪ್ರಕಟವಾಗುತ್ತದೆ. ಗೆದ್ದವರು ತಾವು ಬರೆದಷ್ಟನ್ನೇ ಕೊಡಬೇಕು. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಇದು ಮುಚ್ಚಿದ ಹರಾಜು.

ಮೂರನೆಯದು ಡೊಮೈನ್ ಹೆಸರಿನ ಹರಾಜು. ಇದನ್ನು ಮಕ್ಕಳು ಕಂಡಿರಲಿಲ್ಲ, ಆದ್ದರಿಂದ ಸ್ವಲ್ಪ ವಿವರಣೆ ಬೇಕಾಯಿತು.

ವಿಷಯ ನಿರೂಪಣೆ: ಹೆಸರೂ ಒಂದು ಲಾವಣಿ ಹೊಲ

ಜಾಲತಾಣದ ವಿಳಾಸವೇ ಡೊಮೈನ್ ಹೆಸರು. ಜಗತ್ತಿನ ಮಟ್ಟದಲ್ಲಿ ಈ ಹೆಸರುಗಳ ವ್ಯವಸ್ಥೆಯನ್ನು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆ ನೋಡಿಕೊಳ್ಳುತ್ತದೆ. ‘.ಇನ್’ ಎಂದು ಕೊನೆಗೊಳ್ಳುವ ಭಾರತದ ಹೆಸರುಗಳು ನಿಕ್ಸಿ ಎಂಬ ಸಂಸ್ಥೆಯ ಕೈಯಲ್ಲಿವೆ. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ಹೆಸರನ್ನೂ ಪಡೆಯಲು ಸಾಧ್ಯವಿದೆ.

ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ನೋಂದಾಯಿಸಿ, ಪ್ರತಿ ಅವಧಿಗೂ ನವೀಕರಣ ಶುಲ್ಕ ಕಟ್ಟಬೇಕು. ‘.ಕಾಮ್’ ಹೆಸರನ್ನು ಒಮ್ಮೆಗೆ ಗರಿಷ್ಠ 10 ವರ್ಷಕ್ಕೆ ನೋಂದಾಯಿಸಬಹುದು. ಶುಲ್ಕ ಕಟ್ಟದೆ ಬಿಟ್ಟರೆ ಹೆಸರು ಕೈತಪ್ಪುತ್ತದೆ, ಅದನ್ನು ಮತ್ತೊಬ್ಬರು ಹರಾಜಿನಲ್ಲಿ ಪಡೆಯಬಹುದು. ‘ಲಾವಣಿಗೆ ಹಾಕಿಕೊಂಡ ಹೊಲ ಇದ್ದಂಗ’ ಎಂದ ಕೂಡಲೇ ಮಕ್ಕಳಿಗೆ ತಿಳಿಯಿತು.

ಒಂದೇ ಹೆಸರು ಇಬ್ಬರಿಗೆ ಬೇಕಾದಾಗ ಆನ್‌ಲೈನ್ ಹರಾಜು ನಡೆಯುತ್ತದೆ. ಅನೇಕ ತಾಣಗಳಲ್ಲಿ ಕೊಳ್ಳುವವರು ತಮ್ಮ ಗರಿಷ್ಠ ಮಿತಿಯನ್ನು ಗುಟ್ಟಾಗಿ ಯಂತ್ರಕ್ಕೆ ತಿಳಿಸಿರುತ್ತಾರೆ. ಯಂತ್ರ ಅವರ ಪರವಾಗಿ, ಎದುರಾಳಿಯನ್ನು ಮೀರಿಸಲು ಎಷ್ಟು ಬೇಕೋ ಅಷ್ಟೇ ಏರಿಸುತ್ತದೆ. ಹಾಗಾಗಿ ಗೆದ್ದವರು ತಮ್ಮ ಮಿತಿಯನ್ನು ಕೊಡುವುದಿಲ್ಲ. ಎರಡನೆಯವರ ಮಿತಿಯ ಮೇಲೆ ಒಂದು ಏರಿಕೆಯಷ್ಟನ್ನು ಮಾತ್ರ ಕೊಡುತ್ತಾರೆ.

ಚಟುವಟಿಕೆ: ನಾಲ್ಕು ಚೀಟಿ

ತರಗತಿಯನ್ನು ನಾಲ್ಕು ಗುಂಪು ಮಾಡಿ ಕೃಷ್ಣಾ, ಭೀಮಾ, ಡೋಣಿ, ತುಂಗಾ ಎಂದು ಹೆಸರಿಟ್ಟೆ. ‘ಸುರಪುರ’ ಎಂಬ ಒಂದು ಕಾಲ್ಪನಿಕ ಡೊಮೈನ್ ಹೆಸರು ಹರಾಜಿಗಿದೆ ಎಂದು ತಿಳಿಸಿ, ಪ್ರತಿ ಗುಂಪಿಗೆ ಗರಿಷ್ಠ ಮಿತಿ ಬರೆದ ಚೀಟಿ ಕೊಟ್ಟೆ: ಕೃಷ್ಣಾ 900, ಭೀಮಾ 1,400, ಡೋಣಿ 2,300, ತುಂಗಾ 1,100 ರೂಪಾಯಿ. ಆರಂಭಿಕ ಬೆಲೆ 500, ಪ್ರತಿ ಏರಿಕೆ 100. ಚೀಟಿ ನೋಡಿ ಬೆಲೆ ಏರಿಸುವ ಯಂತ್ರದ ಪಾತ್ರ ನನ್ನದು.

ಹಲಗೆಯ ಮೇಲೆ ಬಂದ ಶ್ರೇಢಿ: 500, 600, 700, ... ಕೃಷ್ಣಾ 900ಕ್ಕೆ, ತುಂಗಾ 1,100ಕ್ಕೆ, ಭೀಮಾ 1,400ಕ್ಕೆ ನಿಂತವು. ಡೋಣಿ ಗುಂಪಿಗೆ ಹೆಸರು 1,500 ರೂಪಾಯಿಗೆ ಸಿಕ್ಕಿತು. ಇದು ಎಷ್ಟನೇ ಪದ? 500 + (ಎನ್ – 1) × 100 = 1,500, ಆದ್ದರಿಂದ ಎನ್ = 11.

ಈಗ ಮುಖ್ಯ ಪ್ರಶ್ನೆ: ಭೀಮಾ ಗುಂಪು ಇವತ್ತು ಬಂದೇ ಇಲ್ಲ ಎಂದಿಟ್ಟುಕೊಳ್ಳಿ. ಆಗ ಬೆಲೆ 1,200ಕ್ಕೆ, ಅಂದರೆ 8ನೇ ಪದಕ್ಕೆ ನಿಲ್ಲುತ್ತದೆ. ಡೋಣಿ ಒಂದೇ ಬಂದಿದ್ದರೆ ಬೆಲೆ 500. ಮೂರು ಸಲವೂ ಹೆಸರು ಅದೇ, ಗೆದ್ದ ಗುಂಪು ಅದೇ, ಅವರ ಮಿತಿಯೂ ಅದೇ 2,300. ಬದಲಾದದ್ದು ಎರಡನೆಯವರು ಮಾತ್ರ. ‘ಬೆಲೆ ನಿಲ್ಲುವುದು ಎರಡನೆಯವರ ಹತ್ತಿರ’ ಎಂಬ ವಾಕ್ಯವನ್ನು ಮಕ್ಕಳೇ ಹೇಳಿದರು, ನಾನು ಹಲಗೆಯ ಮೇಲೆ ಬರೆದೆ.

ಇದು ಆಟದ ಮಾತಲ್ಲ. ಒಂದೇ ಕೊನೆಪದಕ್ಕೆ ಹಲವು ಅರ್ಜಿಗಳು ಬಂದಾಗ ಐಕ್ಯಾನ್ ನಡೆಸಿದ ಹರಾಜುಗಳಲ್ಲಿಯೂ ಗೆದ್ದವರು ಎರಡನೆಯವರು ನಿಂತ ಬೆಲೆಯನ್ನು ಕೊಡುವ ನಿಯಮವಿತ್ತು. 2015ರಲ್ಲಿ ‘.ಆ್ಯಪ್’ ಗೂಗಲ್‌ಗೆ 2,50,01,000 ಡಾಲರ್‌ಗೆ ಹೋಯಿತು. 2016ರಲ್ಲಿ ‘.ಶಾಪ್’ 4,15,01,000 ಡಾಲರ್‌ಗೆ, ‘.ವೆಬ್’ 13.5 ಕೋಟಿ ಡಾಲರ್‌ಗೆ ಮಾರಾಟವಾದವು. ಈ ಸಂಖ್ಯೆಗಳು ಎರಡನೆಯವರು ಎಲ್ಲಿ ಕೈಬಿಟ್ಟರು ಎಂಬುದನ್ನು ಹೇಳುತ್ತವೆ. ಗೆದ್ದವರು ಎಲ್ಲಿಯವರೆಗೆ ಹೋಗಲು ಸಿದ್ಧರಿದ್ದರು ಎಂಬುದು ಅವುಗಳಲ್ಲಿ ಇಲ್ಲ. ಎರಡನೇ ಬೆಲೆಯ ಈ ಹರಾಜನ್ನು 1961ರಲ್ಲಿ ವಿಶ್ಲೇಷಿಸಿದ ವಿಲಿಯಂ ವಿಕ್ರಿ ಅವರಿಗೆ 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಹರಾಜು ಸಿದ್ಧಾಂತಕ್ಕಾಗಿಯೇ 2020ರಲ್ಲಿ ಪಾಲ್ ಮಿಲ್ಗ್ರಾಂ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ಆ ಪ್ರಶಸ್ತಿ ಬಂತು.

ಹೆಸರಿಗೆ ಬೆಲೆ ಕಟ್ಟುವುದು

ಎರಡನೇ ಅವಧಿಯಲ್ಲಿ ನಮ್ಮ ಮೂರು ಊರುಗಳ ಹೆಸರನ್ನೇ ತೆಗೆದುಕೊಂಡೆ. ಯಾವ ಹೆಸರಿಗೆ ಹೆಚ್ಚು ಬೆಲೆ ಬರಬಹುದು?

ಚಿಕ್ಕದಾಗಿರಬೇಕು, ಬಾಯಲ್ಲಿ ಹೇಳಿದರೆ ತಪ್ಪಿಲ್ಲದೆ ಬರೆಯುವಂತಿರಬೇಕು ಎಂದು ಮಕ್ಕಳು ಹೇಳಿದರು. ಇಲ್ಲಿಯೇ ಸುರಪುರಕ್ಕೆ ತೊಡಕು: ಇಂಗ್ಲಿಷಿನಲ್ಲಿ ಅದನ್ನು ಸುರ್ಪುರ್, ಸುರಪುರ, ಶೋರಾಪುರ್ ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ. ಯಾದಗಿರಿಗೂ ಯಾದ್ಗಿರ್ ಎಂಬ ಇನ್ನೊಂದು ರೂಪವಿದೆ. ಒಂದು ಕಾಗುಣಿತ ಕೊಂಡವರಿಗೆ ಉಳಿದವು ಸಿಗುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ಈ ತೊಡಕು ಬಹುಪಾಲು ಇಲ್ಲ ಎಂಬುದನ್ನು ಒಬ್ಬ ವಿದ್ಯಾರ್ಥಿನಿ ಗಮನಿಸಿದಳು.

ಶಹಾಪುರದ ವಿಷಯ ಇನ್ನೂ ಕುತೂಹಲಕರ. ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೂ ಒಂದು ಶಹಾಪುರ ತಾಲ್ಲೂಕಿದೆ. ಆ ಹೆಸರು ಬೇಕೆನ್ನುವವರು ಎರಡು ಊರಲ್ಲಿ ಇರಬಹುದು, ಅಂದರೆ ಎರಡನೆಯವರು ಸಿಗುವ ಸಾಧ್ಯತೆ ಹೆಚ್ಚು. ಊರಿನ ದೊಡ್ಡಸ್ತಿಕೆಗೂ ಹೆಸರಿನ ಬೆಲೆಗೂ ನೇರ ಸಂಬಂಧವಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

‘ಹಂಗಾದ್ರ ಇಪ್ಪತ್ತು ಹೆಸರು ಹಿಡದಿಟ್ಟು ಮಾರಬಹುದಲ್ರೀ ಮೇಡಂ?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಲೆಕ್ಕ ಮಾಡೋಣ ಎಂದೆ. ಒಂದು ಹೆಸರಿಗೆ ಮೊದಲ ವರ್ಷ 1,000, ನಂತರ ವರ್ಷಕ್ಕೆ 800 ರೂಪಾಯಿ ಖರ್ಚು ಎಂದಿಟ್ಟುಕೊಂಡರೆ ಒಟ್ಟು ಖರ್ಚಿನ ಶ್ರೇಢಿ 1,000, 1,800, 2,600, ... ಐದನೇ ವರ್ಷಕ್ಕೆ 4,200. ಇಪ್ಪತ್ತು ಹೆಸರಿಗೆ 84,000. ಐದು ವರ್ಷದಲ್ಲಿ ಮೂರೇ ಹೆಸರು ಮಾರಿದರೆ, ಹಾಕಿದ ದುಡ್ಡು ಬರಲು ಒಂದೊಂದನ್ನೂ ಸರಾಸರಿ 28,000ಕ್ಕೆ ಮಾರಬೇಕು. ಮಾರಿದ ಹೆಸರಿನ ಸುದ್ದಿ ನಮ್ಮ ಮೊಬೈಲಿಗೆ ಬರುತ್ತದೆ, ಮಾರದೆ ಉಳಿದ ಹದಿನೇಳರ ಸುದ್ದಿ ಬರುವುದಿಲ್ಲ. ‘ಮನೆಯಲ್ಲೇ ಕೂತು ಹಣ ಗಳಿಸಿ’ ಎಂಬ ಜಾಹೀರಾತು ದಿನವೂ ನೋಡುವ ವಯಸ್ಸಿನ ಮಕ್ಕಳಿಗೆ ಈ ಒಂದು ಲೆಕ್ಕ ಅಗತ್ಯವೆಂದು ನನ್ನ ಅನಿಸಿಕೆ.

ಬೇರೆಯವರ ಅಂಗಡಿ ಹೆಸರನ್ನು ಮೊದಲೇ ಹಿಡಿದಿಟ್ಟು ಅವರಿಗೇ ಮಾರಬಹುದೇ ಎಂಬ ಪ್ರಶ್ನೆಯೂ ಬಂತು. ಇದಕ್ಕೆ ಕರ್ನಾಟಕದಲ್ಲೇ ಆರಂಭವಾದ ಒಂದು ಮೊಕದ್ದಮೆ ಉತ್ತರಕ್ಕೆ ಹತ್ತಿರವಾಗಿದೆ. ‘ಸಿಫಿ’ ಹೆಸರು ಬಳಸುತ್ತಿದ್ದ ಸತ್ಯಂ ಇನ್ಫೋವೇ, ‘ಸಿಫಿನೆಟ್’ ಎಂಬ ಹೆಸರು ನೋಂದಾಯಿಸಿದ್ದ ಇನ್ನೊಂದು ಕಂಪನಿಯ ವಿರುದ್ಧ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಸಿಕ್ಕ ತಡೆಯಾಜ್ಞೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿದು, ಡೊಮೈನ್ ಹೆಸರಿಗೂ ವ್ಯಾಪಾರ ಹೆಸರಿನಂತೆಯೇ ಕಾನೂನಿನ ರಕ್ಷಣೆ ಇದೆ ಎಂದಿತು. ಎಲ್ಲರ ಮಾತಿನಲ್ಲಿರುವ ‘ತೊಗರಿ’ಯಂಥ ಪದವನ್ನು ಹಿಡಿಯುವುದು ವ್ಯಾಪಾರ. ಇನ್ನೊಬ್ಬರು ಬೆವರು ಸುರಿಸಿ ಗಳಿಸಿದ ಹೆಸರನ್ನು ಹಿಡಿಯುವುದು ಹಾಗಲ್ಲ.

ಮಗುವಿನ ಪ್ರಶ್ನೆ: ಕಾಯುವ ಶಕ್ತಿ

ಮಾರುವವರು ‘ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ’ ಎಂದು ಮೊದಲೇ ಒಂದು ಕನಿಷ್ಠ ಬೆಲೆ ಗೊತ್ತುಮಾಡಬಹುದು. ನಮ್ಮ ಚಟುವಟಿಕೆಯಲ್ಲಿ ಕನಿಷ್ಠ ಬೆಲೆ 1,800 ಎಂದಿದ್ದರೆ ಡೋಣಿ ಗುಂಪು 1,500ರ ಬದಲು 1,800 ಕೊಡುತ್ತಿತ್ತು. 2,500 ಎಂದಿದ್ದರೆ ಹೆಸರು ಮಾರಾಟವೇ ಆಗುತ್ತಿರಲಿಲ್ಲ. ಇಷ್ಟು ಹೇಳಿದಾಗ ಒಬ್ಬ ಹುಡುಗ ಎದ್ದು ಕೇಳಿದ: ‘ಮೇಡಂರೀ, ನಮ್ಮಪ್ಪ ತೊಗರಿಗಿ ಹಿಂಗ ಮೊದ್ಲೇ ಯಾಕ ಬರಸಂಗಿಲ್ಲ?’

ಪಾಠಯೋಜನೆಯಲ್ಲಿ ಇಲ್ಲದ, ಆದರೆ ಇಡೀ ಪಾಠ ಯಾತಕ್ಕೆ ಎಂಬುದನ್ನು ಹೇಳಿದ ಪ್ರಶ್ನೆ ಇದು. ಉತ್ತರವನ್ನೂ ಶ್ರೇಢಿಯಲ್ಲೇ ಹುಡುಕಿದೆವು. ಮನೆಯಲ್ಲಿ 10 ಕ್ವಿಂಟಲ್ ತೊಗರಿ ಇದೆ, ಇವತ್ತಿನ ದರ 7,000. ತಲೆಯ ಮೇಲೆ ನೂರಕ್ಕೆ ಎರಡರ ಬಡ್ಡಿಯಲ್ಲಿ 50,000 ಸಾಲ. ತಿಂಗಳ ಬಡ್ಡಿ 1,000. ಇಡಲು ಜಾಗದ ಖರ್ಚು 200. ಅಂದರೆ ಒಂದು ತಿಂಗಳು ಕಾದರೆ ಕ್ವಿಂಟಲ್‌ಗೆ 120 ರೂಪಾಯಿ ಹೊರೆ. ನಷ್ಟವಿಲ್ಲದೆ ಮಾರಲು ಬೇಕಾದ ದರ 7,000, 7,120, 7,240, 7,360 ಎಂದು ಏರುತ್ತದೆ. ಮಾರುಕಟ್ಟೆ ದರ ಅದೇ ವೇಗದಲ್ಲಿ ಏರುತ್ತದೆಂಬ ಭರವಸೆ ಇಲ್ಲ. ಟಂಟಂ ಬಾಡಿಗೆ, ಹಮಾಲಿ ಕೊಟ್ಟು ತಂದ ಮಾಲನ್ನು ವಾಪಸ್ ಒಯ್ಯುವುದೂ ಖರ್ಚೇ. ಹೆಸರು ಇಟ್ಟುಕೊಂಡವರಿಗೆ ಕಾಯುವ ಖರ್ಚು ವರ್ಷಕ್ಕೆ 800 ಮಾತ್ರ. ಹೆಸರಿಗೆ ಹುಳ ಹತ್ತುವುದಿಲ್ಲ.

ಆದ್ದರಿಂದ ಬೇಡವೆನ್ನುವ ಹಕ್ಕು ಇಬ್ಬರಿಗೂ ಇದೆ, ಅದನ್ನು ಬಳಸುವ ಶಕ್ತಿ ಇಬ್ಬರಿಗೂ ಒಂದೇ ಅಲ್ಲ. ಸರ್ಕಾರದ ಬೆಂಬಲ ಬೆಲೆ (2024-25ರ ಹಂಗಾಮಿಗೆ ತೊಗರಿಗೆ ಕ್ವಿಂಟಲ್‌ಗೆ 7,550 ರೂಪಾಯಿ) ಮತ್ತು ಉಗ್ರಾಣ ರಸೀದಿಯ ಮೇಲೆ ಸಿಗುವ ಸಾಲ, ಎರಡೂ ಈ ಶಕ್ತಿಯನ್ನು ಕೊಡಲು ಇರುವ ಏರ್ಪಾಡುಗಳು. ಖರೀದಿ ಕೇಂದ್ರ ತೆರೆದಾಗ ರೈತನಿಗೆ ಇನ್ನೊಬ್ಬ ಕೊಳ್ಳುವವ ಸಿಕ್ಕಂತೆ. ಎರಡನೆಯವರಿದ್ದರೆ ಬೆಲೆ ಎಲ್ಲಿ ನಿಲ್ಲುತ್ತದೆಂದು ಮಕ್ಕಳು ಆಗಲೇ ಹಲಗೆಯ ಮೇಲೆ ನೋಡಿದ್ದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಈ ಪಾಠಕ್ಕೆ ಇಂಟರ್ನೆಟ್ ಬೇಕಿಲ್ಲ, ಚೀಟಿ ಮತ್ತು ಹಲಗೆ ಸಾಕು. ಚೀಟಿಯ ಮಿತಿಗಳನ್ನು ಸಾಮಾನ್ಯ ವ್ಯತ್ಯಾಸದ ಅಪವರ್ತ್ಯಗಳಾಗಿಯೇ ಇಡಿ, ಇಲ್ಲವಾದರೆ ಕೊನೆಯ ಬೆಲೆ ಶ್ರೇಢಿಯ ಪದವಾಗಿ ಬರುವುದಿಲ್ಲ. ಭೀಮಾ ಗುಂಪನ್ನು ಹೊರಗಿಡುವ ಹಂತವನ್ನು ಬಿಡಬೇಡಿ, ಅದಿಲ್ಲದಿದ್ದರೆ ಹರಾಜು ಬರೀ ಕೂಗಾಟವಾಗುತ್ತದೆ. ಮನೆಯ ಸಾಲದ ನಿಜವಾದ ಮೊತ್ತವನ್ನು ಯಾವ ಮಗುವಿನ ಬಾಯಿಂದಲೂ ತರಗತಿಯಲ್ಲಿ ಹೇಳಿಸಬೇಡಿ, ಲೆಕ್ಕದ ಸಂಖ್ಯೆಗಳು ಶಿಕ್ಷಕರವೇ ಆಗಿರಲಿ. ಶಹಾಪುರ ಭಾಗದಲ್ಲಿ ಪಾಠ ಮಾಡುವವರು ತೊಗರಿಯ ಬದಲು ಹತ್ತಿ ಅಥವಾ ಭತ್ತವನ್ನು ತೆಗೆದುಕೊಳ್ಳಬಹುದು.

ಮೌಲ್ಯಮಾಪನ

1. ಆರಂಭಿಕ ಬೆಲೆ 750, ಏರಿಕೆ 50. ಹೆಸರು 1,600ಕ್ಕೆ ಹೋದರೆ ಅದು ಎಷ್ಟನೇ ಪದ? (ಉತ್ತರ: 18)
2. ಮೇಲಿನ ಹರಾಜಿನಲ್ಲಿ ಎರಡನೆಯವರ ಮಿತಿ ಎಷ್ಟಿತ್ತು? ಗೆದ್ದವರ ಮಿತಿಯನ್ನು ನಿಖರವಾಗಿ ಹೇಳಲು ಏಕೆ ಸಾಧ್ಯವಿಲ್ಲ?
3. ಇವತ್ತಿನ ದರ 6,800, ತಿಂಗಳಿಗೆ ಕ್ವಿಂಟಲ್‌ಗೆ 90 ರೂಪಾಯಿ ಹೊರೆ. ನಾಲ್ಕು ತಿಂಗಳು ಕಾದ ಮೇಲೆ ನಷ್ಟವಿಲ್ಲದೆ ಮಾರಲು ಬೇಕಾದ ದರ ಎಷ್ಟು? (ಉತ್ತರ: 7,160)
4. ಮನೆಪಾಠ: ನಿಮ್ಮ ಮನೆಯ ಹಿರಿಯರನ್ನು ಕೇಳಿ ಬನ್ನಿ: ಹೋದ ಸಲ ಮಾಲು ಮಾರಿದಾಗ ಎಷ್ಟು ಜನ ವ್ಯಾಪಾರಿಗಳು ದರ ಹಾಕಿದ್ದರು?